ರುಚಿ ನೋಡದ ಸೋರೆಕಾಯಿ

ಹಿತ್ತಲಿಗೆ ಸಿಮೆಂಟು ಹಾಕಿಸಿ ಮೇಲೆ ತಗಡು ಹೊದಿಸುತ್ತೇನೆ ಎಂದು ಅಫ್ಜಲ ಊಟಕ್ಕೆ ಕೂತಾಗಲೆಲ್ಲ ಹೇಳುತ್ತಿದ್ದ. ಅವನದು ಸವಣೂರಿನಲ್ಲಿ ಶಾಮಿಯಾನದ ಧಂದೆ. ಮದುವೆಯಾಗಲಿ, ಸತ್ತವರ ಮನೆಯ ಮಯ್ಯತ್ತಾಗಲಿ, ಕುರ್ಚಿ, ಕಬ್ಬಿಣದ ಕಂಬ, ದೊಡ್ಡ ಪಾತ್ರೆ ಇವನ ಹತ್ತಿರವೇ ಬಾಡಿಗೆಗೆ ಒಯ್ಯಬೇಕು. ಕುರ್ಚಿಗಳು ಮೊದಲು ಪಡಸಾಲೆಗೆ ಬಂದವು. ಆಮೇಲೆ ಅವನ ತಂಗಿ ತಹಮೀನಾಳ ಕೋಣೆಗೆ ನುಗ್ಗಿದವು. ಈಗ ಮಂಚದ ಕೆಳಗೂ ಪಾತ್ರೆಗಳೇ. ಮನೆಯ ಮಂದಿ ಸ್ವಂತ ಮನೆಯಲ್ಲಿ ಅಡ್ಡಡ್ಡ ಸರಿದು ಓಡಾಡುವುದನ್ನು ರೂಢಿ ಮಾಡಿಕೊಂಡಿದ್ದರು.

“ಹಿತ್ತಲದಾಗ ಏನೈತಿ ಅಂಥಾದ್ದು? ನಾಕು ಬಳ್ಳಿ, ಎರಡು ಬದನಿ ಗಿಡ. ಸಂತ್ಯಾಗ ಸಿಗೂದಿಲ್ಲೇನು ಕಾಯಿಪಲ್ಲೆ?” ಅನ್ನುತ್ತಿದ್ದ.

ಆ ನಾಕು ಬಳ್ಳಿ ಅವನ ಹೆಂಡತಿ ನುಜಹತಳವು. ಅವಳು ಮಾಸೂರಿನ ಕಡೆಯವಳು. ತವರಿನಲ್ಲಿ ಮದಗದ ಕೆರೆಯ ನೀರಿಗೆ ಕಾಯಿಪಲ್ಲೆ ಬೆಳೆಯುತ್ತಾರೆ. ಮದುವೆಯಾಗಿ ಬಂದಾಗ ಈ ಹಿತ್ತಲಲ್ಲಿ ಒಡೆದ ಹೆಂಚು, ಮಾವ ನಬೀಸಾಬರ ಎಲೆಬುಟ್ಟಿಗಳ ಮುರುಕು, ಯಾರದೋ ಕಾಲದ ಸೈಕಲ್ಲಿನ ಗಾಲಿ ಬಿದ್ದಿದ್ದವು. ಎಲ್ಲವನ್ನೂ ಅವಳೇ ಎತ್ತಿ ಹಾಕಿದಳು. ನಳದ ನೀರು ಬರುವುದು ವಾರಕ್ಕೊಮ್ಮೆ, ಅದೂ ಬಂದರೆ ಬಂತು. ಅದಕ್ಕೇ ಬಚ್ಚಲ ನೀರು ಬೀದಿಗೆ ಹೋಗದಂತೆ ತಿರುಗಿಸಿ ಗೋಡೆಯ ಬುಡದ ಗುಂಟ ಒಂದು ಕಾಲುವೆ ತೆಗೆದಳು. ಚಳಿ ಇನ್ನೂ ಇರುವಾಗಲೇ ಹೀರೆ, ಸೌತೆ, ಸೋರೆಯ ಬೀಜ ಊರಿದಳು. ಬಿಸಿಲು ಏರುವ ಹೊತ್ತಿಗೆ ಚಪ್ಪರದ ಕೆಳಗೆ ಒಂದು ಹೊರಸು ಹಾಕುವಷ್ಟು ನೆರಳಾಗಿತ್ತು. ನಾಲ್ಕು ವರ್ಷ ಒಂದು ಜಾಗಕ್ಕೆ ನೀರು ಹೊತ್ತರೆ ಅದು ತನ್ನದಾಗುತ್ತದೆ ಎಂದು ಅವಳು ತಿಳಿದಿದ್ದಳು. ಹಾಗೆ ತಿಳಿಯುವ ಹೆಣ್ಣುಮಕ್ಕಳು ಊರಿಗೆ ಹತ್ತು ಮಂದಿ ಇರುತ್ತಾರೆ.

ಹೊರಸಿನ ಮೇಲೆ ಕೂರುತ್ತಿದ್ದವರು ನಬೀಸಾಬರು. ಮುಂಜಾನೆಯೆಲ್ಲ ಪೇಟೆಯಲ್ಲಿ ವೀಳ್ಯದೆಲೆ ಮಾರಿ, ಮಧ್ಯಾಹ್ನ ಬಂದು ಅಲ್ಲಿ ಕಾಲು ಚಾಚಿದರೆ ಸಂಜೆತನಕ ಏಳುತ್ತಿರಲಿಲ್ಲ.

“ಅಪ್ಪಾ, ನೀ ಹೂಂ ಅಂದ್ರ ನಾಳಿನ ಸಿಮೆಂಟ್ ತರಸ್ತೇನಿ,” ಎಂದ ಅಫ್ಜಲ.

“ಈ ಬ್ಯಾಸಗಿ ಒಂದು ಹೋಗ್ಲಿ ತಡಿಯೋ. ಬಳ್ಳಿ ಕಾಯಿ ಬಿಟ್ಟಾವು. ಕಾಯಿ ಬಿಟ್ಟಿದ್ದನ್ನ ಯಾರರ ಕಿತ್ತ ಹಾಕ್ತಾರೇನು?”

“ಮುಂದಿನ ಬ್ಯಾಸಗ್ಯಾಗೂ ಕಾಯಿ ಬಿಡ್ತಾವು.”

“ಆಗ ನೋಡೂಣು.”

ಮರುದಿನ ಅಫ್ಜಲ ಕಬ್ಬಿಣದ ಕಂಬಗಳನ್ನು ಟೆಂಪೋದಿಂದ ಇಳಿಸಿ ಹಿತ್ತಲ ಕಾಲುವೆಯ ಮೇಲೆಯೇ ಒಟ್ಟಿಸಿದ. ಬಚ್ಚಲ ನೀರು ಮುಂದೆ ಹೋಗಲು ದಾರಿಯಿಲ್ಲದೆ ಬೀದಿಗೆ ಹರಿಯಿತು. “ಎರಡು ದಿನ ಇರ್ಲಿ, ಒಯ್ತೇನಿ,” ಎಂದ. ಒಯ್ಯಲಿಲ್ಲ. ನುಜಹತ ಪಾತ್ರೆ ತೊಳೆದ ನೀರನ್ನು ಕೊಡದಲ್ಲಿ ಹೊತ್ತು ಹೀರೆಗೆ, ಸೌತೆಗೆ ಹಾಕಿದಳು. ಸೋರೆಯ ಬಳ್ಳಿ ಆಚೆ ಗೋಡೆಯ ಹತ್ತಿರ, ಇಡೀ ಮಧ್ಯಾಹ್ನದ ಬಿಸಿಲು ಅದರ ಮೇಲೆಯೇ. ಅಲ್ಲಿಯ ತನಕ ಕೊಡ ಒಮ್ಮೊಮ್ಮೆ ಮುಟ್ಟುತ್ತಿತ್ತು, ಒಮ್ಮೊಮ್ಮೆ ಇಲ್ಲ.

ಅತ್ತೆ ಚಾಂದಬಿ ಈ ಜಗಳದಲ್ಲಿ ಮೊದಲು ಮಗನ ಕಡೆ ಇದ್ದಳು. ರಂಜಾನ್ ತಿಂಗಳು ನಡುವಿಗೆ ಬಂದಾಗ ಸೊಸೆಯ ಕಡೆ ಸರಿದಳು. ಅದಕ್ಕೆ ಕಾರಣವಿತ್ತು. ತಿಂಗಳ ಮುಟ್ಟಿನ ದಿನಗಳಲ್ಲಿ ಹೆಂಗಸರಿಗೆ ರೋಜಾದ ಉಪವಾಸ ಇಲ್ಲ. ಗಂಡಸರಿಗೆ ಗೊತ್ತಾಗದ ಹಾಗೆ ಮರೆಯಲ್ಲಿ ಏನೋ ಒಂದಿಷ್ಟು ತಿಂದು, ಸಂಜೆ ಎಲ್ಲರೊಡನೆ ಖರ್ಜೂರ ಬಾಯಿಗಿಟ್ಟು ಉಪವಾಸ ಬಿಟ್ಟಂತೆ ಮಾಡುವುದು ಎಲ್ಲ ಮನೆಗಳಲ್ಲೂ ಇದ್ದದ್ದೇ. ಗಂಡಸರ ಕಣ್ಣು ತಪ್ಪಿಸಬಹುದು, ಅತ್ತೆಯ ಲೆಕ್ಕ ತಪ್ಪಿಸಲಾಗುವುದಿಲ್ಲ. ಸೊಸೆ ಯಾವಾಗ ರೋಜಾ ಬಿಟ್ಟಳು, ಯಾವಾಗ ಬಿಡಬೇಕಾಗಿತ್ತು ಎಂಬುದು ಚಾಂದಬಿಗೆ ಕ್ಯಾಲೆಂಡರ್ ಇಲ್ಲದೆ ತಿಳಿಯುತ್ತಿತ್ತು. ನುಜಹತ ಈ ಸಲ ಬಿಡಬೇಕಾದ ದಿನ ಬಂತು, ಹೋಯಿತು. ಅವಳು ರೋಜಾ ಬಿಡಲಿಲ್ಲ.

ಚಾಂದಬಿ ಬಾಯಿಬಿಟ್ಟು ಏನೂ ಕೇಳಲಿಲ್ಲ. ಸಂಜೆ ಹಾಲಿನ ಕೆನೆ ಸೊಸೆಯ ಬಟ್ಟಲಿಗೆ ಬೀಳತೊಡಗಿತು. ತುಂಬಿದ ಕೊಡ ಎತ್ತಲು ತಹಮೀನಾಳನ್ನು ಕರೆದಳು. ಒಂದು ದಿನ ಅಫ್ಜಲ ಮತ್ತೆ ಸಿಮೆಂಟಿನ ಮಾತು ತೆಗೆದಾಗ ತಾಯಿಯೇ ಅಡ್ಡ ಬಂದಳು.

“ಹಿತ್ತಲ ಸುದ್ದಿ ಈಗ ಬ್ಯಾಡ. ಆಕಿ ಕೈಲೆ ಹಚ್ಚಿದ್ದು, ಈಗ ಕೀಳಬಾರ್ದು.”

“ಈಗ ಅಂದ್ರ? ಈಗ ಏನಾಗೇತಿ?”

“ಹೆಂಗಸರ ಮಾತು ನಿನಗ್ಯಾಕ? ಸುಮ್ಕಿರು ಅಂದ್ರ ಸುಮ್ಕಿರು.”

ಅವನು ಹೋದ ಮೇಲೆ ಸೊಸೆಯ ಪಕ್ಕ ಕೂತು ಮೆಂತ್ಯ ಸೋಸುತ್ತ ಹೇಳಿದಳು. “ನಾಕು ವರ್ಷ ಆತು, ಓಣ್ಯಾಗಿನ ಮಂದಿ ಬಾಯಿ ಮುಚ್ಚಸಾಕ ಆಗಿಲ್ಲ ನನಗ. ಹೊಟ್ಟ್ಯಾಗ ಒಂದು ನಿಂತ್ರ ಈ ಹಿತ್ತಲ ನಿಂದ ಅಂತ ತಿಳ್ಕೊ. ನಾ ಇರೋತನಕ ಒಬ್ಬರೂ ಮುಟ್ಟಂಗಿಲ್ಲ.”

ನುಜಹತಳಿಗೂ ಆಸೆ ಹುಟ್ಟಿತ್ತು. ಅತ್ತೆಗೆ ಕೂಸಿನ ಆಸೆ, ಇವಳಿಗೆ ಕೂಸಿನದೂ ಹಿತ್ತಲದೂ ಎರಡರದೂ. ಎರಡು ಆಸೆಗಳು ಒಂದೇ ಗಂಟಿನಲ್ಲಿ ಬಿದ್ದರೆ ಎಂಥ ಕಷ್ಟ ಎಂಬುದು ಅವಳಿಗೆ ಮುಂದಿನ ವಾರ ತಿಳಿಯಿತು.

ಆ ವಾರ ತಹಮೀನಾಳನ್ನು ನೋಡಿ ಒಪ್ಪಿಕೊಂಡಿದ್ದ ಶಿಗ್ಗಾಂವಿಯ ಮಂದಿ ಇಫ್ತಾರಿಗೆ ಬರುವುದಾಗಿ ಹೇಳಿ ಕಳಿಸಿದರು. ಹುಡುಗ ರಮೀಜ, ಅವನ ಅಪ್ಪ, ಅವ್ವ. ಮಾತು ಗಟ್ಟಿ ಮಾಡಿಕೊಂಡು ಹೋಗುವುದಷ್ಟೇ ಬಾಕಿ. ಮನೆಯಲ್ಲಿ ಗಡಿಬಿಡಿ ಶುರುವಾಯಿತು. ಕುರ್ಚಿಗಳನ್ನೆಲ್ಲ ಒಂದು ಮೂಲೆಗೆ ತಳ್ಳಿ ಮೇಲೆ ಚಾದರ ಹೊಚ್ಚಿದರು.

ಅವರು ಬರುವ ಹಿಂದಿನ ದಿನ ನುಜಹತ ಮುಟ್ಟಾದಳು.

ಬಚ್ಚಲಲ್ಲಿ ನಿಂತು ಸ್ವಲ್ಪ ಹೊತ್ತು ಅತ್ತಳು. ಮುಖ ತೊಳೆದುಕೊಂಡು ಹೊರಗೆ ಬಂದು ಯಾರಿಗೂ ಹೇಳಲಿಲ್ಲ. ನಮಾಜಿನ ಹೊತ್ತಿಗೆ ಅತ್ತೆಯ ಪಕ್ಕ ಚಾಪೆಯ ಮೇಲೆ ನಿಂತು ಬರೀ ತುಟಿ ಆಡಿಸಿದಳು. ಮುಟ್ಟಿನಲ್ಲಿ ನಮಾಜಿಗೆ ನಿಲ್ಲುವುದು ಎಂಥ ಪಾಪ ಎಂದು ಅವಳಿಗೆ ಗೊತ್ತಿತ್ತು. ಈ ನಾಲ್ಕು ದಿನ ಕಳೆದರೆ ಸಾಕು, ಮದುವೆಯ ಮಾತು ಮುಗಿದ ಮೇಲೆ ಮೆಲ್ಲಗೆ ಹೇಳಿದರಾಯಿತು, ಅಷ್ಟರಲ್ಲಿ ಬೇಸಿಗೆಯೂ ಅರ್ಧ ಕಳೆದಿರುತ್ತದೆ ಎಂದು ಲೆಕ್ಕ ಹಾಕಿದ್ದಳು.

ಮಧ್ಯಾಹ್ನ ಹೊಟ್ಟೆ ಹಿಂಡಿ ತಲೆ ತಿರುಗಿತು. ಎಲ್ಲರೂ ಮಲಗಿದ್ದಾಗ ಹಿತ್ತಲಿಗೆ ಹೋಗಿ ಚಪ್ಪರದ ಹಿಂದೆ ಕುಕ್ಕರಗಾಲಲ್ಲಿ ಕೂತು ಒಂದು ಎಳೆ ಸೌತೆಕಾಯಿ ಕಿತ್ತು ತಿಂದಳು. ಅರ್ಧ ತಿಂದಾಗ ತಹಮೀನಾ ಬಟ್ಟೆ ಒಣಹಾಕಲು ಬಂದಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು.

“ನೀ ತಿನ್ನು ಭಾಬಿ, ನಾ ಏನೂ ನೋಡಿಲ್ಲ,” ಎಂದು ತಹಮೀನಾ ನಕ್ಕಳು.

“ಅವ್ವಗ ಹೇಳಬ್ಯಾಡ.”

“ನನಗೇನ್ ಹುಚ್ಚೇನು?”

ತಹಮೀನಾಗೆ ನುಜಹತಳ ಮೇಲೆ ಪ್ರೀತಿಯಿತ್ತು. ನಾಳೆ ಬರುವವರಿಗೆ ಯಾವ ಸೀರೆ ಉಡಲಿ ಎಂಬುದನ್ನು ಅವ್ವನನ್ನು ಕೇಳಿರಲಿಲ್ಲ, ಭಾಬಿಯನ್ನೇ ಕೇಳಿದ್ದಳು.

ಮರುದಿನ ಮಧ್ಯಾಹ್ನವೇ ಹುಡುಗನ ತಾಯಿ ಬಂದಳು. ಗಂಡಸರು ಸಂಜೆಗೆ ಬರುತ್ತೇವೆಂದು ಪೇಟೆಯಲ್ಲೇ ಉಳಿದರು. ಅವಳು ಪಡಸಾಲೆಯಲ್ಲಿ ಕೂರಲಿಲ್ಲ, ಸೀದಾ ಅಡಿಗೆಮನೆಗೆ ಬಂದು ಮಣೆ ಎಳೆದುಕೊಂಡಳು. ಮನೆ ನೋಡಬೇಕಾದರೆ ಅಡಿಗೆಮನೆ ನೋಡಬೇಕು ಎಂಬುದನ್ನು ತಿಳಿದ ಹೆಂಗಸು. ಬಗಾರ ಅನ್ನಕ್ಕೆ ದಾಲ್ಚಾ ಎಂದು ಮೊದಲೇ ನಿಶ್ಚಯವಾಗಿತ್ತು. ಕಡಲೆಬೇಳೆ, ಮಾಂಸ ಆಗಲೇ ಬೆಂದಿದ್ದವು, ಸೋರೆಕಾಯಿ ಹಾಕುವುದಿತ್ತು.

“ನಮ್ಮ ಹಿತ್ತಲದ್ದರಿ ಕಾಯಿ,” ಎಂದಳು ಚಾಂದಬಿ. “ನಮ್ಮ ಸೊಸಿ ಬೆಳಿಸ್ಯಾಳ.”

“ಚೊಲೋ ಆತು. ಉಪ್ಪು ಖಾರ ಯಾರ್ ನೋಡ್ತೀರಿ? ನಮ್ಮಲ್ಲಿ ಮೊಮ್ಮಗ ಇದಾನ, ಅವನ್ನ ಕರದು ಒಂದು ಚಮಚ ಬಾಯಿಗೆ ಹಾಕ್ತೇವಿ.”

ಇದು ಚಾಂದಬಿಗೆ ಚುಚ್ಚಿದ ಜಾಗ ಅವಳೊಬ್ಬಳಿಗೇ ಗೊತ್ತು. “ನಮ್ಮನ್ಯಾಗ ಇನ್ನೂ ಕೂಸಿಲ್ಲರಿ. ಕೈ ಅಂದಾಜ ಹಾಕ್ತೇವಿ.”

“ನಾಲಿಗಿ ತುದಿಗೆ ಹಚ್ಚಿ ಉಗುಳಿದ್ರ ನಡಿತೈತಿ ಅಂತಾರಲ್ಲರಿ.”

“ನಡಿಯೋರಿಗೆ ನಡೀಲಿ. ನಮ್ಮ ಸೊಸಿ ಈ ಸಲ ಒಂದೂ ರೋಜಾ ಬಿಟ್ಟಿಲ್ಲ.” ಅಷ್ಟು ಹೇಳಿ ಚಾಂದಬಿ ಅರ್ಥವಾಗಲಿ ಎಂದು ಸೊಸೆಯ ಹೊಟ್ಟೆಯ ಕಡೆ ಕಣ್ಣು ಹಾಯಿಸಿದಳು. ಹುಡುಗನ ತಾಯಿಗೆ ಅರ್ಥವಾಯಿತು. ನುಜಹತಳನ್ನು ಮೇಲಿಂದ ಕೆಳಗೆ ನೋಡಿ, “ಅಲ್ಲಾ ಕಬೂಲ್ ಮಾಡ್ಲಿ,” ಎಂದಳು.

ನುಜಹತ ಈಳಿಗೆಯ ಮುಂದೆ ಕೂತು ಸೋರೆಕಾಯಿಯ ತೊಟ್ಟು ಕೊಯ್ದಳು. ಮಾಸೂರಿನಲ್ಲಿ ತೊಟ್ಟಿನ ಕಡೆಯ ಒಂದು ಚೂರನ್ನು ನಾಲಿಗೆಗೆ ಹಚ್ಚಿ ನೋಡದೆ ಯಾರೂ ಸೋರೆಕಾಯಿ ಹೆಚ್ಚುವುದಿಲ್ಲ. ನೂರರಲ್ಲಿ ಒಂದು ಕಹಿ ಇರುತ್ತದೆ, ಅದು ದನಕ್ಕೂ ಆಗುವುದಿಲ್ಲ. ಅವಳ ಕೈ ತಾನೇ ಬಾಯಿಯ ಕಡೆ ಅರ್ಧ ಹೋಯಿತು. ಇಡೀ ಮನೆಯಲ್ಲಿ ಆ ಚೂರನ್ನು ಬಾಯಿಗೆ ಹಾಕಿಕೊಳ್ಳಬಹುದಾದವಳು ಅವಳೊಬ್ಬಳೇ. ಹಾಕಿಕೊಳ್ಳಬಾರದವಳೂ ಅವಳೇ. ಅತ್ತೆ ಎದುರಿಗಿದ್ದಳು, ಬೀಗಿತ್ತಿಯಾಗುವವಳು ಪಕ್ಕದಲ್ಲಿದ್ದಳು. ಹೋದ ವಾರ ಇದೇ ಬಳ್ಳಿಯ ಕಾಯಿ ಸವಿಯಾಗಿತ್ತಲ್ಲ ಎಂದುಕೊಂಡು ಚೂರನ್ನು ಸಿಪ್ಪೆಯ ರಾಶಿಗೆ ಹಾಕಿ, ಉಳಿದದ್ದನ್ನು ಹೆಚ್ಚಿ ಗಡಿಗೆಗೆ ಸುರಿದಳು.

ಸಂಜೆ ಖರ್ಜೂರ, ಶರಬತ್ತು, ನಮಾಜು ಆದಮೇಲೆ ಗಂಡಸರು ಮೊದಲು ಊಟಕ್ಕೆ ಕೂತರು. ತಹಮೀನಾ ಬಾಗಿಲ ಸಂದಿಯಿಂದ ರಮೀಜನನ್ನು ನೋಡುತ್ತಿದ್ದಳು. ಅವನು ನಾಚಿಕೆಯ ಹುಡುಗ, ತಟ್ಟೆಯಿಂದ ತಲೆ ಎತ್ತಲಿಲ್ಲ. ಹುಡುಗನ ಅಪ್ಪ ಒಂದು ತುತ್ತು ತಿಂದು ಮುಖ ಕಿವುಚಿದ.

“ಕಾಯಿ ಸ್ವಲ್ಪ ಕಹಿ ಅನಸ್ತೈತಲ್ಲರಿ?”

ನಬೀಸಾಬರಿಗೂ ಬಾಯಿ ಕಿತ್ತುಹೋಗುವಷ್ಟು ಕಹಿಯಾಗಿತ್ತು. ಆದರೆ ಮಗಳ ಸಂಬಂಧ ಕುದುರುವ ದಿನ, ಸೊಸೆಯ ಬಳ್ಳಿಯ ಕಾಯಿ, ಎದುರಿಗೆ ಸಿಮೆಂಟು ಸಿಮೆಂಟು ಅನ್ನುವ ಮಗ. “ಬ್ಯಾಸಗಿಗೆ ಕಹಿ ಚೊಲೋರಿ, ಪಿತ್ತ ಇಳಿತೈತಿ,” ಎಂದು ಸೌಟು ತೆಗೆದುಕೊಂಡು ಸೋರೆಯ ಹೋಳುಗಳನ್ನು ಆರಿಸಿ ಆರಿಸಿ ತಮ್ಮ ತಟ್ಟೆಗೇ ಹಾಕಿಕೊಂಡರು. ಹುಡುಗನ ಅಪ್ಪ ಮರ್ಯಾದೆಗೆ ಎರಡು ತುತ್ತು ತಿಂದು ಹೋಳು ಸರಿಸಿಟ್ಟ. ಅಫ್ಜಲ ಕಾಯಿಪಲ್ಲೆ ತಿನ್ನುವವನೇ ಅಲ್ಲ, ಮಾಂಸ ಆರಿಸಿಕೊಂಡ. ರಮೀಜ ಮಾವನಾಗುವವರನ್ನು ನೋಡಿ ತನ್ನ ತಟ್ಟೆಯಲ್ಲಿದ್ದದ್ದೆಲ್ಲವನ್ನೂ ತಿಂದ.

ಹೆಂಗಸರು ಬಡಿಸಿಕೊಳ್ಳುವ ಹೊತ್ತಿಗೆ ನಬೀಸಾಬರು ಬಚ್ಚಲಲ್ಲಿ ಗೋಡೆ ಹಿಡಿದು ವಾಂತಿ ಮಾಡುತ್ತಿದ್ದರು. ಬರೀ ಹೊಟ್ಟೆಗೆ ಬಿದ್ದ ಮೊದಲ ಅನ್ನ ಅದು. ಎರಡನೆಯ ಸಲಕ್ಕೆ ರಕ್ತ ಬಂತು. ರಮೀಜ ಅಂಗಳದಲ್ಲೇ ಕುಸಿದು ಕೂತ. ಅಫ್ಜಲ ಕುರ್ಚಿ ಸಾಗಿಸುವ ಟೆಂಪೋದಲ್ಲೇ ಅಪ್ಪನನ್ನು ಮಲಗಿಸಿಕೊಂಡು ಹಾವೇರಿಗೆ ಓಡಿಸಿದ. ಶಿಗ್ಗಾಂವಿಯವರು ಮಗನನ್ನು ಕರೆದುಕೊಂಡು ತಮ್ಮೂರಿಗೆ ಹೋದರು. ತಟ್ಟೆಗಳು ಹಾಗೇ ಉಳಿದವು.

ಕಹಿ ಸೋರೆಕಾಯಿ ವಿಷ ಎಂದು ಆಸ್ಪತ್ರೆಯಲ್ಲಿ ಹೇಳಿದರು. ರಮೀಜ ಸಲೈನ್ ಹಚ್ಚಿಸಿಕೊಂಡು ಬೇಗ ಎದ್ದ. ಮುದುಕರ ಹೊಟ್ಟೆ ತಡೆಯಲಿಲ್ಲ, ಅವರು ಆಸ್ಪತ್ರೆಯಲ್ಲೇ ಉಳಿದರು. ನುಜಹತ ದಿನಾ ಗಂಜಿ ಮಾಡಿ ಬಸ್ಸಿನಲ್ಲಿ ಒಯ್ದು ಕುಡಿಸುತ್ತಿದ್ದಳು.

“ಮಾರಿ ಯಾಕ ಹಂಗ ಮಾಡ್ಕೊಂಡಿ? ನಿನ್ನ ತಪ್ಪು ಏನೈತಿ?” ಎಂದರು ನಬೀಸಾಬರು. “ನನಗ ಕಹಿ ಗೊತ್ತಾಗಿತ್ತು. ತಿಂದಾಂವ ನಾನು.”

ಆಗಲೇ ಹೇಳಿಬಿಡಬೇಕಿತ್ತು. ಅವಳು ಚಮಚ ತುಂಬಿ, “ಇನ್ನೊಂದೀಟು ಕುಡೀರಿ ಮಾವಾ,” ಎಂದಳು.

ಶಿಗ್ಗಾಂವಿಯಿಂದ ಹುಡುಗನ ತಾಯಿ ಫೋನು ಮಾಡಿದಳು. ಜಗಳ ಆಡಲಿಲ್ಲ, ಮೆತ್ತಗೇ ಮಾತಾಡಿದಳು. ಮೊದಲ ಊಟಕ್ಕೇ ಹೀಗಾಯಿತು, ಮಗನಿಗೆ ಮನಸ್ಸಿಲ್ಲ, ಬೇರೆ ಕಡೆ ನೋಡಿಕೊಳ್ಳಿ ಎಂದಳು. ತಹಮೀನಾ ಕುರ್ಚಿಗಳ ನಡುವೆ ಹಾಸಿಗೆ ಹಾಕಿಕೊಂಡು ಗೋಡೆಗೆ ಮುಖ ಮಾಡಿ ಮಲಗಿದಳು. ನುಜಹತ ತಲೆ ನೇವರಿಸಲು ಹೋದರೆ ಕೈ ಸರಿಸಿದಳು.

ಹತ್ತಿಮತ್ತೂರಿನ ಕರೆವ್ವ ಓಣಿಗೆ ಕಾಯಿಪಲ್ಲೆ ಮಾರಲು ಬರುವವಳು. ಸೋರೆಯ ಬೀಜ ಕೊಟ್ಟಿದ್ದವಳು ಅವಳೇ. ಚಾಂದಬಿ ಅವಳನ್ನು ಬಾಗಿಲಲ್ಲೇ ಹಿಡಿದಳು.

“ಎಂಥಾ ಬೀಜ ಕೊಟ್ಟೀಯ ಕರೆವ್ವ? ನಮ್ಮ ಮನಿ ಹಾಳ ಮಾಡಿದಿ.”

“ನನ್ನ ಬೀಜಕ್ಕ ಏನಾಗೇತ್ರಿ? ನಾನೂ ಅದನ್ನ ಬೆಳದು ಮಾರಾಕತ್ತೇನಿ.” ಕರೆವ್ವ ಬುಟ್ಟಿ ಇಳಿಸಿ ಹಿತ್ತಲಿಗೆ ಹೋಗಿ ನೋಡಿ ಬಂದಳು. “ನೀರ ಇಲ್ಲಲ್ಲರಿ ಬಳ್ಳಿಗೆ. ಕಾಲುವಿ ಮ್ಯಾಲೆ ಕಬ್ಬಣ ಒಟ್ಟೀರಿ. ಬಿಸಲಾಗ ಒಣಗಿಸಿದ್ರ ಕಾಯಿ ಕಹಿ ಆಗದ ಏನ್ ಆಕ್ಕಾವು? ಅದಿರ್ಲಿ, ಹೆಚ್ಚೂ ಮುಂದ ನಾಲಿಗಿಗೆ ಹಚ್ಚಿ ನೋಡಲಿಲ್ಲೇನು?”

“ರೋಜಾದಾಗ ಯಾರ ನೋಡ್ತಾರ?” ಎಂದಳು ಚಾಂದಬಿ.

ಅಫ್ಜಲ ಒಳಗಿನಿಂದ ಕೇಳಿಸಿಕೊಳ್ಳುತ್ತಿದ್ದ. ಕಂಬದ ಮಾತು ಅವನಿಗೆ ಹತ್ತಿತು. “ಈಗ ನಂದ ತಪ್ಪಾತೇನು? ಕಬ್ಬಣ ಅನ್ನ ಹಾಕ್ತೈತಿ ಈ ಮನಿಗೆ, ಬಳ್ಳಿ ವಿಷಾ ಹಾಕೇತಿ,” ಎಂದು ಕೂಗಿದ. ಕಂಬಗಳನ್ನು ಅಂದೂ ತೆಗೆಸಲಿಲ್ಲ.

ನಬೀಸಾಬರು ಮನೆಗೆ ಬಂದಾಗ ರಂಜಾನ್ ಮುಗಿಯುತ್ತ ಬಂದಿತ್ತು. ನಾಲ್ಕು ಹೆಜ್ಜೆ ನಡೆದರೆ ಏದುಸಿರು. ಪಡಸಾಲೆಯಲ್ಲಿ ದಿಂಬಿಗೆ ಒರಗಿಸಿ ಕೂರಿಸಿದರು. ಮಧ್ಯಾಹ್ನ ಎಲ್ಲರೂ ಅಲ್ಲೇ ಇದ್ದರು. ಅಫ್ಜಲ ಕಾದಿದ್ದವನಂತೆ ಮಾತು ತೆಗೆದ.

“ಇನ್ನಾದ್ರೂ ಹೂಂ ಅನ್ನಪಾ. ಈದ್ ಮುಗದ ಮ್ಯಾಲೆ ಕಿತ್ತು ಹಾಕಿ ಸಿಮೆಂಟ್ ಹಾಕಸ್ತೇನಿ.”

“ಬ್ಯಾಡ,” ಎಂದರು ನಬೀಸಾಬರು. ಧ್ವನಿ ಸಣ್ಣದಾಗಿತ್ತು, ಆದರೆ ಗಟ್ಟಿಯಾಗಿತ್ತು. “ಸೋರಿ ಬಳ್ಳಿ ಒಂದು ಕೀಳು. ಉಳಿದದ್ದು ಇರ್ಲಿ. ಬಾಯಾಗ ರೋಜಾ ಇಟ್ಕೊಂಡು ಆಕಿ ಹೆಂಗ ರುಚಿ ನೋಡ್ತಾಳ? ಅಲ್ಲಾನ ಹೆಸರಿಗೆ ಉಪವಾಸ ಇದ್ದಾಕಿಗೆ ನಾವು ಶಿಕ್ಷಾ ಕೊಡೂದೇನು?”

“ನಾನೂ ಅದನ್ನ ಅಂತೇನಿ,” ಎಂದಳು ಚಾಂದಬಿ. “ಆಕಿಗೆ ಈಗ ಯಾರೂ ಏನೂ ಅನಬ್ಯಾಡ್ರಿ.”

ನುಜಹತಳಿಗೆ ಅಳು ಬಂತು. ತಾನು ಉಳಿದುಕೊಂಡೆ ಎಂದು ಒಂದು ಗಳಿಗೆ ಅನಿಸಿತು. ಆ ಸಮಾಧಾನ ಅವಳ ಮುಖದಲ್ಲಿ ಕಂಡಿರಬೇಕು. ಬಾಗಿಲಲ್ಲಿ ನಿಂತಿದ್ದ ತಹಮೀನಾ ಅದನ್ನು ನೋಡಿದಳು.

“ಆಕಿ ರೋಜಾ ಇರ್ಲಿಲ್ಲ,” ಎಂದಳು ತಹಮೀನಾ.

ಚಾಂದಬಿ ತಟ್ಟನೆ ಮಗಳ ಕಡೆ ತಿರುಗಿದಳು.

“ಅವರು ಬರೋ ಹಿಂದಿನ ದಿನ ಚಪ್ಪರದ ಹಿಂದ ಕುಂತು ಸೌತಿಕಾಯಿ ತಿನ್ನಾಕತ್ತಿದ್ಲು. ನಾ ನೋಡೇನಿ. ಹೇಳಬ್ಯಾಡ ಅಂದ್ಲು, ಹೇಳಲಿಲ್ಲ. ಒಂದು ಚೂರು ಬಾಯಾಗ ಹಾಕ್ಕೊಂಡಿದ್ರ ಗೊತ್ತಾಗ್ತಿತ್ತು. ಸೌತಿಕಾಯಿ ತಿನ್ನಾಕ ಬರ್ತೈತಿ, ಅದೊಂದು ಚೂರು ಬರಲಿಲ್ಲೇನು ಭಾಬಿ? ನನ್ನ ಮದುವಿ ಹೋತು, ಅಪ್ಪ ಸಾಯ್ತಿದ್ದ.”

ಅಫ್ಜಲ ಹೆಂಡತಿಯ ಕಡೆ ತಿರುಗಿದ. “ಹೌದೇನು?”

ನುಜಹತ ಹೌದೆಂದು ತಲೆಯಾಡಿಸಿದಳು. ಬೈಗುಳಕ್ಕೆ, ಹೊಡೆತಕ್ಕೂ ಮೈ ಗಟ್ಟಿ ಮಾಡಿಕೊಂಡು ನಿಂತಳು. ನಬೀಸಾಬರು ಅವಳನ್ನೇ ನೋಡುತ್ತಿದ್ದರು. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಮೋಸ ಹೋದ ಮುದುಕನ ಸಂಕಟವಿತ್ತು. ಅದಕ್ಕಿಂತ ಹೊಡೆತ ಮೇಲಾಗಿತ್ತು. ಅವರು ಮೆಲ್ಲಗೆ ಗೋಡೆಯ ಕಡೆ ಹೊರಳಿದರು.

ಚಾಂದಬಿ ಎದ್ದು ಸೊಸೆಯ ಹತ್ತಿರ ಬಂದಳು. ಗಂಡನ ವಾಂತಿ, ಮಗಳ ಸಂಬಂಧ ಯಾವುದನ್ನೂ ಅವಳು ಎತ್ತಲಿಲ್ಲ. ಅವಳಿಗೆ ಕೇಳಿಸಿದ್ದು ಒಂದೇ ಮಾತು.

“ಅಂದ್ರ ಈ ಸಲಾನೂ ಇಲ್ಲೇನು?”

“ಇಲ್ಲರಿ ಅತ್ತಿ.”

“ನನ್ನ ಬಾಜೂ ನಿಂತು ನಮಾಜ್ ಮಾಡಿದಿ.”

ಚಾಂದಬಿ ಮಗನ ಕಡೆ ತಿರುಗಿದಳು. “ಸಿಮೆಂಟ್ ಯಾವಾಗ ತರಸ್ತೇನಿ ಅಂದಿ?”

“ಈದ್ ಆದ ಮ್ಯಾಲೆ.”

“ಅಲ್ಲೀತನಕ ಯಾಕ? ನಾಳಿನ ತರಸು.”

ನುಜಹತ ಅತ್ತೆಯ ಕೈ ಹಿಡಿದುಕೊಂಡಳು. ತನ್ನನ್ನು ಕ್ಷಮಿಸಿ ಎಂದು ಕೇಳಲು ಬಾಯಿ ತೆರೆದಳು, ಬಂದದ್ದು ಬೇರೆಯೇ ಮಾತು.

“ಹೀರಿ ಬಳ್ಳಿ ಈಗ ಹೂ ಬಿಟ್ಟಾವ್ರಿ ಅತ್ತಿ. ಇನ್ನೊಂದೀಟು ದಿನ ಬಿಟ್ಟು ನೋಡ್ರಿ.”

“ನಾಕು ವರ್ಷ ಬಿಟ್ಟು ನೋಡೇನಿ,” ಎಂದು ಚಾಂದಬಿ ಕೈ ಬಿಡಿಸಿಕೊಂಡಳು.